ಹೇಳುವವರು, ಹೊರುವವರು

ರಿಚ್ಮಂಡ್ ನಗರದಲ್ಲಿ ವರ್ಜೀನಿಯಾ ರಾಜ್ಯದ ಕೆಳಮನೆ ಸೇರುವ ಸಭಾಂಗಣದ ಗೋಡೆಯ ಮೇಲೆ ಸದಸ್ಯರ ಹೆಸರುಗಳ ಫಲಕವಿದೆ. ಮಸೂದೆ ಮತಕ್ಕೆ ಬಂದಾಗ ಸದಸ್ಯರು ತಂತಮ್ಮ ಮೇಜಿನ ಗುಂಡಿ ಒತ್ತುತ್ತಾರೆ. ಒಂದೊಂದೇ ಹೆಸರಿನ ಮಗ್ಗುಲಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಹಸಿರಾದರೆ ಹೌದು, ಕೆಂಪಾದರೆ ಬೇಡ. ಎಲ್ಲ ಮುಗಿಯುವುದಕ್ಕೆ ಕೆಲವು ಕ್ಷಣ ಸಾಕು. ಆಮೇಲೆ ದೀಪ ಆರುತ್ತದೆ, ಲೆಕ್ಕ ಉಳಿಯುತ್ತದೆ. ಯಾವ ದಿನ, ಯಾವ ಮಸೂದೆಗೆ, ಯಾರು ಏನೆಂದರು ಎಂಬುದನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ಇಪ್ಪತ್ತು ವರ್ಷದ ಮೇಲೂ.

2020ರ ಜನವರಿಯಲ್ಲಿ ಆ ಫಲಕಕ್ಕೆ ಸುಹಾಸ್ ಸುಬ್ರಮಣ್ಯಂ ಎಂಬ ಹೆಸರು ಸೇರಿತು. ಹುಟ್ಟಿದ್ದು 1986ರಲ್ಲಿ, ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ತಾಯಿ ಬೆಂಗಳೂರಿನವರು. ಓದಿದ್ದು ಕಾನೂನು. 2015ರಲ್ಲಿ ಅಧ್ಯಕ್ಷ ಒಬಾಮಾ ಅವರ ಶ್ವೇತಭವನದಲ್ಲಿ ತಂತ್ರಜ್ಞಾನ ನೀತಿಯ ಸಲಹೆಗಾರರಾದಾಗ ಮೂವತ್ತು ತುಂಬಿರಲಿಲ್ಲ. ಅಲ್ಲಿಂದ ಹೊರಬಂದ ಮೇಲೆ 2019ರಲ್ಲಿ ತಾವು ನೆಲೆಸಿದ್ದ ಲೌಡನ್ ಕೌಂಟಿಯ ಕಡೆಯಿಂದ ರಾಜ್ಯದ ಕೆಳಮನೆಗೆ ನಿಂತು ಗೆದ್ದರು. 2023ರಲ್ಲಿ ಮೇಲ್ಮನೆಗೆ, 2024ರ ನವೆಂಬರ್‌ನಲ್ಲಿ ರಾಷ್ಟ್ರದ ಸಂಸತ್ತಿಗೆ ಆಯ್ಕೆಯಾದರು. ಬಯೋಡೇಟಾದಂತೆ ಓದಿದರೆ ಇದು ಮೆಟ್ಟಿಲು ಮೆಟ್ಟಿಲಾಗಿ ಏರಿದ ಕತೆ. ಆದರೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕಿದೆ. ಜಗತ್ತಿನ ಅತಿ ದೊಡ್ಡ ಅಧಿಕಾರಕೇಂದ್ರದಲ್ಲಿ ಕೂತು ಮಾತಾಡುತ್ತಿದ್ದವರು ವರ್ಷಕ್ಕೆ 17,640 ಡಾಲರ್ ಸಂಬಳದ, ವರ್ಷದಲ್ಲಿ ಎರಡು ತಿಂಗಳೂ ಸರಿಯಾಗಿ ಸೇರದ ರಾಜ್ಯದ ಶಾಸನಸಭೆಯೊಂದಕ್ಕೆ ಬಂದದ್ದು ಏರಿಕೆಯೋ ಇಳಿಕೆಯೋ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ. ಒಬ್ಬ ರಾಜಕಾರಣಿಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ನನ್ನ ಕೆಲಸವಲ್ಲ. ಅವರ ಮುಂದೆ ಇನ್ನೂ ಬಹಳ ವರ್ಷಗಳಿವೆ, ತೀರ್ಪು ಕೊಡುವುದಕ್ಕೆ ಅಲ್ಲಿ ಮತದಾರರಿದ್ದಾರೆ. ಸಲಹೆ ಕೊಡುವ ಕುರ್ಚಿಯಿಂದ ಎದ್ದು ದೀಪ ಹೊತ್ತುವ ಕುರ್ಚಿಗೆ ಹೋಗುವಾಗ ಒಬ್ಬ ಮನುಷ್ಯನಿಗೆ ಏನಾಗುತ್ತದೆ ಎಂಬುದಷ್ಟೇ ನನ್ನ ಕುತೂಹಲ.

*

ನಮ್ಮ ಭಾಷೆಯಲ್ಲಿ ‘ಮಂತ್ರಿ’ ಎಂಬ ಮಾತಿದೆ. ಈಗ ಮಂತ್ರಿಯೆಂದರೆ ಖಾತೆ, ಕಾರು, ಕಡತ. ಮೂಲದಲ್ಲಿ ಅವನು ಮಂತ್ರ ಹೇಳುವವನು, ಅಂದರೆ ಗುಟ್ಟಿನಲ್ಲಿ ಆಲೋಚನೆ ಕೊಡುವವನು. ಮಂತ್ರಾಲೋಚನೆ ಎಂಬ ಪದದಲ್ಲಿ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ‘ಶಾಸಕ’ ಬೇರೆ ಬೇರಿನ ಪದ. ಶಾಸನ ಮಾಡುವವನು, ಅಪ್ಪಣೆ ಕೊಡುವವನು. ಮಂತ್ರ ಕಿವಿಯಲ್ಲಿ ಹೇಳುವಂಥದ್ದು. ಶಾಸನ ಕಲ್ಲಿನಲ್ಲಿ ಕೆತ್ತುವಂಥದ್ದು. ಕಿವಿಮಾತಿಗೆ ಸಾಕ್ಷಿ ಇಲ್ಲ. ಕಲ್ಲಿನಲ್ಲಿ ಹಾಕಿಸಿದವನ ಹೆಸರೂ ಇರುತ್ತದೆ, ಅಳಿಸಿದವನಿಗೆ ಶಾಪವೂ ಇರುತ್ತದೆ.

ಕಿವಿಮಾತಿನ ಸುಖ ನನಗೆ ಗೊತ್ತು. ನಾವಿರುವ ವಸತಿ ಸಮುಚ್ಚಯದ ವಾರ್ಷಿಕ ಸಭೆಯಲ್ಲಿ ಮಳೆನೀರು ಇಂಗಿಸುವ ಗುಂಡಿ ಎಲ್ಲಿ ತೋಡಬೇಕು, ಎಷ್ಟು ಆಳ ಇರಬೇಕು ಎಂದು ಹದಿನೈದು ನಿಮಿಷ ಮಾತಾಡಿದೆ. ಜನ ತಲೆದೂಗಿದರು. ‘ಹಾಗಾದರೆ ಈ ವರ್ಷ ನೀವೇ ಕಾರ್ಯದರ್ಶಿಯಾಗಿ’ ಎಂದು ಯಾರೋ ಹಿಂದಿನ ಸಾಲಿನಿಂದ ಕೂಗಿದರು. ನಾನು ಮೊಬೈಲ್ ನೋಡಿಕೊಂಡೆ, ಬಾರದ ಕರೆಯೊಂದು ಬಂತೆಂಬಂತೆ ಎದ್ದು ಹೊರಗೆ ಹೋದೆ. ಕೆಂಪು ರಟ್ಟಿನ ನಡಾವಳಿ ಪುಸ್ತಕದಲ್ಲಿ ನನ್ನ ಮಾತಿನ ಸಾರಾಂಶ ಇರಬಹುದು, ಸಹಿ ಇಲ್ಲ. ಗುಂಡಿ ತೋಡಿದ್ದು ಬೇರೆಯವರು. ಅದರೊಳಗೆ ನೀರಿನ ಬದಲು ಕೆಸರು ತುಂಬಿದಾಗ ಬೈಸಿಕೊಂಡದ್ದೂ ಅವರೇ. ನಾನು ಬಾಲ್ಕನಿಯಲ್ಲಿ ನಿಂತು, ‘ನಾನು ಹೇಳಿದ ಕಡೆ ತೋಡಲೇ ಇಲ್ಲವಲ್ಲ’ ಎಂದುಕೊಂಡೆ. ದಡದ ಮೇಲೆ ನಿಂತು ಈಜು ಹೇಳಿಕೊಡುವವನು ಒದ್ದೆಯಾಗುವುದಿಲ್ಲ.

ಸಲಹೆಯೆಲ್ಲ ಹೀಗೆ ಜಾರಿಕೊಳ್ಳುವ ಮಾತು ಎಂದರೆ ಅನ್ಯಾಯವಾದೀತು. ಸಲಹೆಗಾರನ ದುಃಖವೂ ನಮಗೆ ಹಳೆಯದೇ. ಪಗಡೆಯ ಸಭೆಯಲ್ಲಿ ವಿದುರ ಹೇಳಬೇಕಾದ್ದನ್ನೆಲ್ಲ ಹೇಳಿದ. ಕೇಳಬೇಕಾದವನಿಗೆ ಕಣ್ಣಿರಲಿಲ್ಲ, ಆ ಹೊತ್ತಿಗೆ ಕಿವಿಯೂ ಇರಲಿಲ್ಲ. ಕೊನೆಗೆ ಅವಮಾನ ಮೇರೆ ಮೀರಿದ ದಿನ ಕುಮಾರವ್ಯಾಸನ ವಿದುರ ತನ್ನ ಬಿಲ್ಲನ್ನು ಮುರಿದುಹಾಕುತ್ತಾನೆ. ಸಲಹೆಗಾರನ ಕೈಲಾಗುವುದು ಅಷ್ಟೆ. ತೀರ್ಮಾನ ಅವನದಲ್ಲ, ತೀರ್ಮಾನದಿಂದ ಹೊರಗೆ ನಿಲ್ಲುವುದು ಮಾತ್ರ ಅವನದು.

*

ಶ್ವೇತಭವನದ ಸಲಹೆಗಾರರಿಗೆ ಅವಮಾನವೇನೂ ಆಗಿರಲಾರದು. ಸುಬ್ರಮಣ್ಯಂ ಅಲ್ಲಿದ್ದಾಗ ನೋಡಿಕೊಂಡದ್ದು ತಂತ್ರಜ್ಞಾನದಿಂದ ಉದ್ಯೋಗ ಹೇಗೆ ಹೆಚ್ಚೀತು, ಸರ್ಕಾರದ ಹಳೆಯ ಕಂಪ್ಯೂಟರ್ ವ್ಯವಸ್ಥೆಗಳನ್ನು ಹೇಗೆ ಹೊಸದು ಮಾಡಬೇಕು, ಹೊಸ ತಂತ್ರಜ್ಞಾನಕ್ಕೆ ಎಂಥ ಕಟ್ಟಳೆ ಬೇಕು ಎಂಬಂಥ ವಿಷಯಗಳನ್ನು. ಅದು ಸರ್ಕಾರಿ ತಂತ್ರಜ್ಞಾನದ ಬಗ್ಗೆ ದೊಡ್ಡ ಹುರುಪಿದ್ದ ಕಾಲ. 2013ರಲ್ಲಿ ಆರೋಗ್ಯ ವಿಮೆಯ ಸರ್ಕಾರಿ ಜಾಲತಾಣ ತೆರೆದ ದಿನವೇ ಕುಸಿದು ನಗೆಪಾಟಲಾದ ಮೇಲೆ, 2014ರಲ್ಲಿ ಒಬಾಮಾ ಆಡಳಿತ ‘ಯುನೈಟೆಡ್ ಸ್ಟೇಟ್ಸ್ ಡಿಜಿಟಲ್ ಸರ್ವಿಸ್’ ಎಂಬ ಘಟಕ ತೆರೆಯಿತು. ಖಾಸಗಿ ಕಂಪನಿಗಳ ಎಂಜಿನಿಯರುಗಳು ಕೆಲವು ವರ್ಷ ಬಂದು ಸರ್ಕಾರದ ತಂತ್ರಾಂಶ ರಿಪೇರಿ ಮಾಡಿ ಹೋಗಲಿ ಎಂಬುದು ಅದರ ಹಿಂದಿನ ಯೋಚನೆ.

ಆ ಘಟಕಕ್ಕೆ ಮುಂದೆ ಏನಾಯಿತು? 2025ರ ಜನವರಿ 20ರಂದು ಹೊಸದಾಗಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿ ಅದರ ಹೆಸರನ್ನೇ ಬದಲಿಸಿದರು. ಅದು ಸರ್ಕಾರದ ಖರ್ಚು, ನೌಕರಿ ಕಡಿತಕ್ಕೆ ಹೊರಟ ‘ಡೋಜ್’ ಆಯಿತು. ಸರ್ಕಾರದ ಯಂತ್ರಕ್ಕೆ ಎಣ್ಣೆ ಹಾಕಲು ಹುಟ್ಟಿದ್ದು ನೌಕರರ ಮನೆಯಲ್ಲಿ ನಡುಕ ಹುಟ್ಟಿಸುವ ಹೆಸರಾಯಿತು. ಒಂದು ಸಹಿಯಿಂದ ಹುಟ್ಟಿದ್ದನ್ನು ಇನ್ನೊಂದು ಸಹಿ ತಿದ್ದಬಹುದು, ಅದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಸಲಹೆಯ ಆಯುಷ್ಯ ಎಷ್ಟು ಎಂಬುದು ಇಲ್ಲಿ ಕಾಣುತ್ತದೆ. ಕೇಳುವ ಕಿವಿ ಕುರ್ಚಿಯಲ್ಲಿ ಇರುವಷ್ಟು ದಿನ ಅದಕ್ಕೆ ಉಸಿರು. ಕುರ್ಚಿ ಬದಲಾದ ಬೆಳಗ್ಗೆ ಅದು ಬರೀ ಕಾಗದ.

*

ಇನ್ನು ಆ ಇನ್ನೊಂದು ಮನೆ. ವರ್ಜೀನಿಯಾದ ಶಾಸನಸಭೆಗೆ ನಾನೂರು ವರ್ಷದ ವಯಸ್ಸು. 1619ರ ಜುಲೈ 30ರಂದು ಜೇಮ್ಸ್‌ಟೌನ್‌ನ ಚರ್ಚಿನಲ್ಲಿ ಅದರ ಮೊದಲ ಅಧಿವೇಶನ ಸೇರಿತು. ಸೆಖೆ ಮತ್ತು ಜ್ವರದ ಕಾಟಕ್ಕೆ ಆರೇ ದಿನದಲ್ಲಿ ಸಭೆ ಮುಗಿಸಬೇಕಾಯಿತು. ಆ ಆರು ದಿನದೊಳಗೆ ಒಬ್ಬ ಸದಸ್ಯ ತೀರಿಯೂ ಹೋದ. ಅದೇ ಬೇಸಗೆಯ ಕೊನೆಗೆ, ಅದೇ ತೀರಕ್ಕೆ, ಸೆರೆಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರಿದ್ದ ಹಡಗು ಬಂದು ನಿಂತಿತು. ಜನರ ಸಭೆ ಮತ್ತು ಜನರ ಮಾರಾಟ ಒಂದೇ ಋತುವಿನಲ್ಲಿ ಆ ನೆಲಕ್ಕೆ ಕಾಲಿಟ್ಟವು.

ಈ ಸಭೆ ಸಮ ಸಂಖ್ಯೆಯ ವರ್ಷಗಳಲ್ಲಿ 60 ದಿನ ಸೇರುತ್ತದೆ, ಬೆಸ ವರ್ಷಗಳಲ್ಲಿ ಸಾಮಾನ್ಯವಾಗಿ 46 ದಿನ. ಕೆಳಮನೆಯ 100 ಮಂದಿಯಲ್ಲಿ ವಕೀಲರಿದ್ದಾರೆ, ಮೇಷ್ಟರಿದ್ದಾರೆ, ವ್ಯಾಪಾರಿಗಳಿದ್ದಾರೆ. ಉಳಿದ ದಿನಗಳಲ್ಲಿ ಅವರವರ ಕಸುಬು ಅವರವರಿಗೆ. ಎರಡೆರಡು ವರ್ಷಕ್ಕೆ ಚುನಾವಣೆ. ಆ ಸಭೆಗೆ ಅದರದೇ ನುಡಿಗಟ್ಟಿದೆ. ಮಸೂದೆ ತಂದವರನ್ನು ಅಲ್ಲಿ ಪೇಟ್ರನ್ ಎನ್ನುತ್ತಾರೆ, ಹೆತ್ತು ಸಾಕುವವರು ಎಂಬಂತೆ. ಮಸೂದೆಯನ್ನು ಮುಗಿಸಿಬಿಡಬೇಕಾದರೆ ‘ಸಾಯಿಸಿದೆವು’ ಎನ್ನುವುದಿಲ್ಲ; ಅನಿರ್ದಿಷ್ಟ ಕಾಲ ಬದಿಗಿಟ್ಟೆವು ಎನ್ನುತ್ತಾರೆ. ಬೆಳಕು ಸರಿಯಾಗಿ ಮೂಡುವ ಮೊದಲೇ ಸೇರುವ ಉಪಸಮಿತಿಯಲ್ಲಿ, ಎದುರಿನ ಕುರ್ಚಿಗಳಲ್ಲಿ ಹತ್ತಿಪ್ಪತ್ತು ಜನ ಕೂತಿರುವಾಗ, ನಾಲ್ಕೈದು ಮಂದಿ ಕೈ ಎತ್ತಿದರೆ ಮುಗಿಯಿತು, ಮಸೂದೆ ಬದಿಗೆ ಸರಿಯುತ್ತದೆ. ತಂದವರು ಕಾಗದ ಮಡಚಿಕೊಂಡು ‘ಧನ್ಯವಾದ’ ಎಂದು ಎದ್ದು ಹೋಗಬೇಕು. ಸಲಹೆಗಾರನ ಮಾತಿಗೆ ಯಾರೂ ಹೀಗೆ ನಾಲ್ಕು ಜನರ ಎದುರು ಬೇಡವೆನ್ನುವುದಿಲ್ಲ, ಸುಮ್ಮನಾಗುತ್ತಾರಷ್ಟೆ. ಶಾಸಕನಾಗುವುದೆಂದರೆ ಮೊದಲು ಬಹಿರಂಗವಾಗಿ ಸೋಲುವುದನ್ನು ಕಲಿಯುವುದು.

ಗೆದ್ದಾಗಲೂ ಗೆಲುವು ದೊಡ್ಡದಾಗಿ ಕಾಣುವುದಿಲ್ಲ. ಲೌಡನ್ ಕೌಂಟಿಯಲ್ಲಿ ‘ಡಲ್ಲೆಸ್ ಗ್ರೀನ್‌ವೇ’ ಎಂಬ ರಸ್ತೆಯಿದೆ. ಡಲ್ಲೆಸ್ ವಿಮಾನನಿಲ್ದಾಣದ ಕಡೆಯಿಂದ ಲೀಸ್‌ಬರ್ಗ್ ಪಟ್ಟಣಕ್ಕೆ ಸುಮಾರು 14 ಮೈಲಿ. 1995ರಲ್ಲಿ ತೆರೆದ ಈ ರಸ್ತೆ ಖಾಸಗಿ ಕಂಪನಿಯ ಕೈಯಲ್ಲಿದೆ. ದಟ್ಟ ಸಂಚಾರದ ಹೊತ್ತಿನಲ್ಲಿ ಕಾರೊಂದು ಒಮ್ಮೆ ಹೋದರೆ 2024ರಲ್ಲಿ 5 ಡಾಲರ್ 80 ಸೆಂಟ್ ಇತ್ತು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರು ದಿನಕ್ಕೆ ಎರಡು ಸಲ ಕೊಡಬೇಕು. ಆಶ್‌ಬರ್ನ್‌ನ ಸುತ್ತ ಬೆಳೆದ ಬಡಾವಣೆಗಳಲ್ಲಿ ಭಾರತದಿಂದ ಹೋದ ಸಾಫ್ಟ್‌ವೇರ್ ಕುಟುಂಬಗಳು ಬೇಕಾದಷ್ಟಿವೆ. ಕನ್ನಡದ ಮನೆಗಳೂ ಇವೆ. ಅಂಥ ಮನೆಯಲ್ಲಿ ಟೋಲ್ ಎಂಬುದು ತತ್ವಶಾಸ್ತ್ರದ ವಿಷಯವಲ್ಲ. ಇಪ್ಪತ್ತು ನಿಮಿಷ ಉಳಿಸಿ ಹನ್ನೊಂದೂವರೆ ಡಾಲರ್ ಕಳೆಯುವುದೋ, ಡಾಲರ್ ಉಳಿಸಿ ಮಗುವಿನ ಜೊತೆಯ ಇಪ್ಪತ್ತು ನಿಮಿಷ ಕಳೆಯುವುದೋ ಎಂಬ ದಿನನಿತ್ಯದ ಲೆಕ್ಕ.

2021ರಲ್ಲಿ ಸುಬ್ರಮಣ್ಯಂ ಈ ಟೋಲ್ ಬಗ್ಗೆ ಮಸೂದೆ ತಂದರು. ಅದು ಕಾನೂನಾಯಿತು. ದರ ಏರಿಸಬೇಕಾದರೆ ರಸ್ತೆಯಿಂದ ಸಿಗುವ ಪ್ರಯೋಜನಕ್ಕೆ ಅದು ಹೊಂದುವಂತಿರಬೇಕು, ಜನ ರಸ್ತೆಯನ್ನೇ ಬಿಟ್ಟುಹೋಗುವಷ್ಟು ಭಾರವಾಗಬಾರದು, ಹಲವು ವರ್ಷದ ಏರಿಕೆಯನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೇಳುವಂತಿಲ್ಲ ಎಂಬುದು ಅದರ ತಿರುಳು. ಆಮೇಲೆ ಕಂಪನಿ ಆ ದರವನ್ನು 8 ಡಾಲರ್ 10 ಸೆಂಟಿಗೆ ಏರಿಸಲು ಅರ್ಜಿ ಹಾಕಿತು. 2024ರಲ್ಲಿ ರಾಜ್ಯದ ನಿಯಂತ್ರಣ ಆಯೋಗ ಒಪ್ಪಲಿಲ್ಲ. ಇದು ಚರಿತ್ರೆಯ ಪುಸ್ತಕದಲ್ಲಿ ಬರುವ ಸಂಗತಿಯಲ್ಲ. ದೇಶದ ತಂತ್ರಜ್ಞಾನದ ಭವಿಷ್ಯದ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದವರು ಆರು ವರ್ಷದೊಳಗೆ 14 ಮೈಲಿ ರಸ್ತೆಯ ಸುಂಕದ ವಾಕ್ಯಗಳನ್ನು ತಿದ್ದುತ್ತ ಕೂತಿದ್ದರು. ಆದರೆ ಆ ವಾಕ್ಯಗಳಿಗೆ ಹೆಸರಿದೆ, ದಿನಾಂಕವಿದೆ. ಅವನ್ನು ಅಳಿಸಬೇಕಾದರೆ ಇನ್ನೊಬ್ಬರು ಮಸೂದೆ ತರಬೇಕು, ಬೆಳಗ್ಗಿನ ಉಪಸಮಿತಿಯಲ್ಲಿ ಜನರ ಎದುರು ಕಾರಣ ಹೇಳಬೇಕು, ಫಲಕದ ಮೇಲೆ ದೀಪ ಹೊತ್ತಬೇಕು. ಬೀಜ ಸಣ್ಣದಿರಬಹುದು, ಬಿದ್ದ ಜಾಗ ನೆಲ.

ಅವರು ಸ್ವಯಂಸೇವಕರಾಗಿ ಅಗ್ನಿಶಾಮಕ ದಳದಲ್ಲೂ ತುರ್ತು ಚಿಕಿತ್ಸೆಯ ತಂಡದಲ್ಲೂ ಕೆಲಸ ಮಾಡಿದ್ದಾರೆ. ಅಮೆರಿಕದ ಊರುಗಳಲ್ಲಿ ಇದು ಅಪರೂಪವಲ್ಲ. ಆದರೂ ನನಗೆ ಇದು ಆ ಬದುಕಿನ ಸರಿಯಾದ ಅಡಿಟಿಪ್ಪಣಿಯಂತೆ ಕಾಣುತ್ತದೆ. ಸ್ಟ್ರೆಚರಿನ ಒಂದು ತುದಿ ಹಿಡಿದವನು ಎತ್ತುವುದು ಹೇಗೆಂದು ಉಪನ್ಯಾಸ ಕೊಡುವುದಿಲ್ಲ. ಎತ್ತುತ್ತಾನೆ, ಭಾರ ಎಷ್ಟೆಂದು ಅವನ ಬೆನ್ನಿಗೆ ಗೊತ್ತಾಗುತ್ತದೆ.

*

ಭಾರದ ಮಾತು ಬಂದಾಗ 2020ನೆಯ ಇಸವಿಯನ್ನು ದಾಟಿ ಹೋಗುವಂತಿಲ್ಲ. ಸುಬ್ರಮಣ್ಯಂ ಶಾಸಕರಾಗಿ ಮೂರು ತಿಂಗಳಾಗುವಷ್ಟರಲ್ಲಿ ಕೋವಿಡ್ ಬಂತು. ಏಪ್ರಿಲ್ 22ರಂದು ಕೆಳಮನೆ ರಿಚ್ಮಂಡ್‌ನ ಕ್ಯಾಪಿಟಲ್ ಕಟ್ಟಡದ ಹೊರಗೆ, ಹುಲ್ಲಿನ ಮೇಲೆ ಎತ್ತಿದ ಡೇರೆಯಡಿ ಸೇರಿತು. ಥಾಮಸ್ ಜೆಫರ್ಸನ್ ಫ್ರಾನ್ಸಿನ ರೋಮನ್ ದೇಗುಲವೊಂದನ್ನು ನೋಡಿ ವಿನ್ಯಾಸ ಮಾಡಿದ ಬಿಳಿಯ ಕಂಬಗಳ ಕಟ್ಟಡ ಹಿಂದೆ ಸುಮ್ಮನೆ ನಿಂತಿತ್ತು. ಶಾಸಕರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ದೂರ ದೂರ ಕುರ್ಚಿ ಹಾಕಿಕೊಂಡು, ಮದುವೆ ಚಪ್ಪರದಲ್ಲಿ ಕೂತಂತೆ ಕೂತಿದ್ದರು. ಮೇಲ್ಮನೆ ಅದೇ ಊರಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಸೇರಿತು. ಮರುವರ್ಷ ಕೆಳಮನೆಯ ಅಧಿವೇಶನ ಪೂರ್ತಿ ಪರದೆಯ ಮೇಲೆ ನಡೆಯಿತು. ಸದಸ್ಯರು ತಂತಮ್ಮ ಮನೆಯಿಂದ ಮತ ಹಾಕಿದರು.

ಹಾಗೆ ಮನೆಯಲ್ಲಿ ಕೂತೇ 2021ರ ಫೆಬ್ರವರಿಯಲ್ಲಿ ಆ ಸಭೆ ಮರಣದಂಡನೆ ರದ್ದು ಮಾಡಿತು. 57 ಪರ, 41 ವಿರೋಧ. 1608ರಿಂದ ಸುಮಾರು 1,400 ಜನರನ್ನು ಕೊಂದು, ಬೇರಾವ ರಾಜ್ಯಕ್ಕಿಂತ ಹೆಚ್ಚು ಶಿಕ್ಷೆ ಜಾರಿ ಮಾಡಿದ್ದ ವರ್ಜೀನಿಯಾ, ಈ ಶಿಕ್ಷೆ ಕೈಬಿಟ್ಟ ದಕ್ಷಿಣದ ಮೊದಲ ರಾಜ್ಯವಾಯಿತು. ಆ ಮಧ್ಯಾಹ್ನವನ್ನು ನಾನು ಕಲ್ಪಿಸಿಕೊಳ್ಳಲು ನೋಡುತ್ತೇನೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಒಳಕೋಣೆಯಲ್ಲಿ ಆನ್‌ಲೈನ್ ಪಾಠ ಕೇಳುವ ಮಕ್ಕಳು, ತಣ್ಣಗಾದ ಕಾಫಿ, ಮತ್ತೆ ನಾಲ್ಕು ಶತಮಾನದ ನೇಣುಗಂಬ. ಬೆರಳು ಒಂದು ಕಡೆ ಒತ್ತಬೇಕು. ಪರವಾಗಿ ಒತ್ತಿದವರಿಗೂ ವಿರೋಧವಾಗಿ ಒತ್ತಿದವರಿಗೂ ಆ ಕ್ಷಣದಲ್ಲಿ ಸಲಹೆ ಬೇಕಾದಷ್ಟಿತ್ತು. ಕೊಲೆಯಾದವರ ಮನೆಯವರು ಹೇಳಿದ್ದರು, ವಕೀಲರು ಹೇಳಿದ್ದರು, ಪಾದ್ರಿಗಳು ಹೇಳಿದ್ದರು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಒಂದು ಮೌನವಿರುತ್ತದೆ. ಹೇಳುವವರು ಅಲ್ಲಿಗೆ ಬರುವಂತಿಲ್ಲ.

*

ಆದರೆ ಹೊಣೆ ಹೊತ್ತವರೆಲ್ಲ ಸರಿಯಾದದ್ದನ್ನೇ ಹೊತ್ತರೆಂದು ಭಾವಿಸುವುದು ಬೇಡ. ಬೇರೆ ಬೇರೆ ಬಣ್ಣದವರು ಮದುವೆಯಾಗಬಾರದೆಂದು 1924ರಲ್ಲಿ ಕಾನೂನು ಬಿಗಿ ಮಾಡಿದ್ದು ಇದೇ ಸಭೆ. ಅದು ಬಿದ್ದದ್ದು 1967ರಲ್ಲಿ, ಸುಪ್ರೀಂ ಕೋರ್ಟಿನ ಕೈಯಿಂದ. ಕರಿಯ ಮಕ್ಕಳ ಜೊತೆ ಬಿಳಿಯ ಮಕ್ಕಳು ಕೂರಬಾರದೆಂದು 1950ರ ದಶಕದಲ್ಲಿ ಕಾನೂನುಗಳ ಗೋಡೆ ಕಟ್ಟಿದ್ದೂ ಇದೇ ಸಭೆ. ಆ ಹಟದ ಬೆನ್ನಲ್ಲಿ ಪ್ರಿನ್ಸ್ ಎಡ್ವರ್ಡ್ ಎಂಬ ಕೌಂಟಿ 1959ರಿಂದ 1964ರವರೆಗೆ ತನ್ನ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಐದು ವರ್ಷ ಶಾಲೆಯಿಲ್ಲದೆ ಬೆಳೆದ ಮಕ್ಕಳಿದ್ದಾರೆ. ಆ ಮತಗಳಿಗೂ ಹೆಸರುಗಳಿವೆ. ಹೆಸರು ಕೊಟ್ಟು ಮಾಡಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಒಂದೇ ವ್ಯತ್ಯಾಸ: ಅದನ್ನು ಮಾಡಿದ್ದು ಯಾರೆಂದು ಮೊಮ್ಮಕ್ಕಳು ಕೇಳಿದಾಗ ಉತ್ತರ ಇರುತ್ತದೆ. ಹೊಣೆ ಎಂದರೆ ಒಳ್ಳೆಯತನವಲ್ಲ, ಪ್ರಶ್ನೆಗೆ ಸಿಗುವ ವಿಳಾಸ.

ಇದೇ ಸಭೆಯ ಇನ್ನೊಂದು ಕತೆ ಹೇಳಬೇಕು. ಧರ್ಮಸ್ವಾತಂತ್ರ್ಯದ ಶಾಸನವೊಂದನ್ನು ಜೆಫರ್ಸನ್ 1777ರಲ್ಲಿ ಬರೆದರು. ಅದ್ಭುತವಾದ ಬರಹ. 1779ರಲ್ಲಿ ಸಭೆಯ ಮುಂದೆ ಬಂತು, ಅಲ್ಲೇ ನಿಂತಿತು. ಮುಂದೆ ಜೆಫರ್ಸನ್ ರಾಯಭಾರಿಯಾಗಿ ಪ್ಯಾರಿಸ್‌ಗೆ ಹೊರಟುಹೋದರು. ಬರಹವನ್ನು ಪೆಟ್ಟಿಗೆಯಿಂದ ತೆಗೆದು, ವಿರೋಧಿಗಳ ಜೊತೆ ಗುದ್ದಾಡಿ, ಒಂದಿಷ್ಟು ವಾಕ್ಯ ಬಿಟ್ಟುಕೊಟ್ಟು, ಎಣಿಸಿ ಎಣಿಸಿ ಮತ ಕೂಡಿಸಿ 1786ರ ಜನವರಿಯಲ್ಲಿ ಪಾಸು ಮಾಡಿಸಿದವರು ಜೇಮ್ಸ್ ಮ್ಯಾಡಿಸನ್. ಬರೆದವರು ಒಬ್ಬರು, ಹೊತ್ತು ದಾಟಿಸಿದವರು ಇನ್ನೊಬ್ಬರು. ತಮ್ಮ ಗೋರಿಯ ಮೇಲೆ ಕೆತ್ತಬೇಕಾದ ಮೂರು ಸಂಗತಿಗಳನ್ನು ಜೆಫರ್ಸನ್ ತಾವೇ ಬರೆದಿಟ್ಟಿದ್ದರು. ಅದರಲ್ಲಿ ಅಧ್ಯಕ್ಷ ಪದವಿ ಇಲ್ಲ, ಈ ಶಾಸನ ಇದೆ. ನೂರಾರು ಗುಲಾಮರ ಒಡೆಯನಾಗಿದ್ದ ಮನುಷ್ಯನ ಆಯ್ಕೆ ಅದು. ಮನುಷ್ಯರು ಹೀಗೂ ಇರುತ್ತಾರೆ.

ಆ ಚರ್ಚೆಯಲ್ಲಿ ಯೇಸುಕ್ರಿಸ್ತನ ಹೆಸರು ಸೇರಿಸೋಣವೆಂದು ಯಾರೋ ತಿದ್ದುಪಡಿ ತಂದರಂತೆ, ದೊಡ್ಡ ಬಹುಮತದಿಂದ ಅದು ಬಿತ್ತಂತೆ. ಈ ಶಾಸನದ ನೆರಳು ಯಾರ್ಯಾರಿಗೆ ಎಂದು ಮುಂದೆ ತಮ್ಮ ಆತ್ಮಕತೆಯಲ್ಲಿ ಹೇಳುವಾಗ ಜೆಫರ್ಸನ್ ಯೆಹೂದಿ, ಕ್ರೈಸ್ತ, ಮುಸಲ್ಮಾನರ ಜೊತೆಗೆ ಹಿಂದೂವನ್ನೂ ಹೆಸರಿಸುತ್ತಾರೆ. ಆಗ ವರ್ಜೀನಿಯಾದಲ್ಲಿ ಹಿಂದೂ ಎಂಬುದು ಹೆಚ್ಚುಕಡಿಮೆ ಪುಸ್ತಕದ ಪದ. ಆ ಪದಕ್ಕೆ ಮೈ ಬಂದು ಅದೇ ಸಭೆಯ ಕುರ್ಚಿಯಲ್ಲಿ ಕೂರಲು 234 ವರ್ಷ ಬೇಕಾಯಿತು. ಆ ಸಭೆಯ ಮೊದಲ ಹಿಂದೂ ಸದಸ್ಯ ಸುಬ್ರಮಣ್ಯಂ. ಅದೇ ಚುನಾವಣೆಯಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಗಜಾಲಾ ಹಶ್ಮಿ ಗೆದ್ದು ಮೇಲ್ಮನೆಯ ಮೊದಲ ಮುಸ್ಲಿಂ ಸದಸ್ಯೆಯಾದರು. ಶಾಸನದ ಬೀಜ ಸಲಹೆಯ ಬೀಜದಂತಲ್ಲ. ಅದಕ್ಕೆ ಹಾಕಿದವನ ನೆನಪು ಬೇಕಿಲ್ಲ. ಅದು ತನ್ನ ಮಳೆಗಾಗಿ ಕಾಯುತ್ತದೆ.

*

ಈ ಬದುಕಿನ ಇತ್ತೀಚಿನ ತಿರುವಿನಲ್ಲಿ ಇನ್ನೊಬ್ಬರ ಸಂಕಟವಿದೆ. ವರ್ಜೀನಿಯಾದ ಹತ್ತನೆಯ ಕ್ಷೇತ್ರವನ್ನು ಸಂಸತ್ತಿನಲ್ಲಿ ಪ್ರತಿನಿಧಿಸುತ್ತಿದ್ದವರು ಜೆನಿಫರ್ ವೆಕ್ಸ್‌ಟನ್. 2023ರಲ್ಲಿ ಅವರಿಗೆ ಮಿದುಳನ್ನು ಹಂತಹಂತವಾಗಿ ತಿನ್ನುವ ವಾಸಿಯಾಗದ ಕಾಯಿಲೆ ಇದೆಯೆಂದು ಗೊತ್ತಾಯಿತು. ನಡಿಗೆ ಕಷ್ಟವಾಯಿತು, ಮಾತು ಹೋಯಿತು. ಮತ್ತೆ ನಿಲ್ಲುವುದಿಲ್ಲವೆಂದು ಅವರೇ ಹೇಳಿದರು. ಅವರ ಜಾಗಕ್ಕೆ ಪಕ್ಷದೊಳಗೇ 12 ಮಂದಿ ಸ್ಪರ್ಧಿಸಿದರು. ವೆಕ್ಸ್‌ಟನ್ ಬೆಂಬಲಿಸಿದ್ದು ಸುಬ್ರಮಣ್ಯಂ ಅವರನ್ನು.

ಹೊರಡುವ ಮೊದಲು, 2024ರ ಜುಲೈನಲ್ಲಿ, ವೆಕ್ಸ್‌ಟನ್ ಸಂಸತ್ತಿನಲ್ಲಿ ಒಂದು ಭಾಷಣ ಮಾಡಿದರು. ಅವರ ಹಳೆಯ ಭಾಷಣಗಳನ್ನು ಕೇಳಿಸಿ ಕಂಪ್ಯೂಟರಿಗೆ ಅವರ ದನಿ ಕಲಿಸಲಾಗಿತ್ತು. ಅವರು ಪದಗಳನ್ನು ಟೈಪ್ ಮಾಡಿದ್ದರು. ಕೈಯಲ್ಲಿದ್ದ ಉಪಕರಣದಿಂದ, ಕಾಯಿಲೆ ಬರುವ ಮೊದಲಿನ ಅವರದೇ ಗಟ್ಟಿ ದನಿ ಹೊರಬಂತು. ತುಟಿ ಅಲುಗಲಿಲ್ಲ. ತನ್ನ ದನಿಯನ್ನು ತಾನೇ ಕೇಳುತ್ತಿದ್ದ ಆ ಹೆಣ್ಣಿನ ಮುಖದ ಚಿತ್ರ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ.

ಮಾತು ಎಷ್ಟು ಸುಲಭವಾಗಿ ಮನುಷ್ಯನಿಂದ ಬೇರೆಯಾಗಬಲ್ಲದು ಎಂದು ಅಂದು ಲೋಕಕ್ಕೆ ಕಂಡಿತು. ದನಿಯನ್ನು ಯಂತ್ರ ಕೊಟ್ಟೀತು, ಸಲಹೆಯನ್ನೂ ಕೊಟ್ಟೀತು. ಈಗಂತೂ ಅಂಗೈಯಲ್ಲಿರುವ ಯಂತ್ರ ಕೇಳಿದ್ದಕ್ಕೆಲ್ಲ ಸಲಹೆ ಕೊಡುತ್ತದೆ, ಯಾವುದರ ಹೊಣೆಯೂ ಅದಕ್ಕಿಲ್ಲ. ಆದರೆ ವೆಕ್ಸ್‌ಟನ್ ಮತ ಹಾಕುವಾಗ ಏನನ್ನು ಆರಿಸಬೇಕೆಂದು ಯಂತ್ರ ಹೇಳಲಿಲ್ಲ. ದನಿ ಕಡ ತಂದದ್ದು, ತೀರ್ಮಾನ ಅವರದೇ. ಸಲಹೆಗಾರರ ಸಂತೆ ದೊಡ್ಡದಾಗುತ್ತ ಹೋದಂತೆ ‘ಇದು ನನ್ನದು, ಇದಕ್ಕೆ ನಾನು’ ಎನ್ನುವವರೇ ಅಪರೂಪವಾಗುತ್ತಾರೇನೋ.

*

2025ರ ಜನವರಿ 3ರಂದು ವಾಷಿಂಗ್ಟನ್ನಿನಲ್ಲಿ ಸುಬ್ರಮಣ್ಯಂ ಪ್ರಮಾಣ ವಚನ ಸ್ವೀಕರಿಸಿದರು. ಅಲ್ಲಿ ಸದಸ್ಯರೆಲ್ಲ ಸಭೆಯಲ್ಲಿ ಒಟ್ಟಿಗೆ ಬಲಗೈ ಎತ್ತಿ ಪ್ರಮಾಣ ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರೇ ಸಭಾಧ್ಯಕ್ಷರ ಜೊತೆ, ತಮಗೆ ಬೇಕಾದ ಪುಸ್ತಕದ ಮೇಲೆ ಕೈಯಿಟ್ಟು ಚಿತ್ರ ತೆಗೆಸಿಕೊಳ್ಳುತ್ತಾರೆ. ಪುಸ್ತಕ ಇರಲೇಬೇಕೆಂದಿಲ್ಲ, ಪದವಿಗೆ ಧರ್ಮದ ಪರೀಕ್ಷೆ ಸಲ್ಲದೆಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಅವರು ಕೈಯಿಟ್ಟದ್ದು ಭಗವದ್ಗೀತೆಯ ಮೇಲೆ. ತಾಯಿ ಹತ್ತಿರವೇ ನಿಂತಿದ್ದರು. ಭಾರತದಿಂದ ಬಂದು ಡಲ್ಲೆಸ್ ವಿಮಾನನಿಲ್ದಾಣದಲ್ಲಿ ಇಳಿದ ದಿನ, ನಿಮ್ಮ ಮಗ ವರ್ಜೀನಿಯಾದ ಪರವಾಗಿ ಸಂಸತ್ತಿನಲ್ಲಿ ಕೂರುತ್ತಾನೆ ಎಂದಿದ್ದರೆ ಅಮ್ಮ ನಂಬುತ್ತಿರಲಿಲ್ಲವೇನೋ ಎಂದು ಮಗ ಆಗ ಹೇಳಿದರು.

ಪತ್ರಿಕೆಗಳು ಆ ಚಿತ್ರವನ್ನು ಹೆಮ್ಮೆಯ ಚಿತ್ರವಾಗಿ ಹಾಕಿದವು. ನನಗೆ ಅದರಲ್ಲಿ ಕಂಡದ್ದು ಬೇರೆ. ಒಂದು ಕಾಲದ ಸಲಹೆಗಾರ ಕೈಯಿಟ್ಟ ಪುಸ್ತಕ ಏನು? ಇಡೀ ಪುಸ್ತಕವೇ ಒಂದು ಸಲಹೆ. ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು, ಕುದುರೆಯ ಲಗಾಮು ಹಿಡಿದು ಕೂತವನು, ಬಿಲ್ಲು ಕೆಳಗಿಟ್ಟವನಿಗೆ ಹೇಳಿದ ಮಾತು. ಹದಿನೆಂಟು ಅಧ್ಯಾಯ ಹೇಳಿ ಮುಗಿಸುವಾಗ ಅವನು ಹೀಗೇ ಮಾಡು ಎಂದು ಕಟ್ಟಿಹಾಕುವುದಿಲ್ಲ. ಎಲ್ಲವನ್ನೂ ತೂಗಿ ನೋಡು, ಆಮೇಲೆ ನಿನಗೆ ಸರಿ ಕಂಡಂತೆ ಮಾಡು ಎಂಬರ್ಥದಲ್ಲಿ ಬಿಟ್ಟುಬಿಡುತ್ತಾನೆ. ಬಾಣ ಬಿಡುವ ಬೆರಳು ಅರ್ಜುನನದು.

ಇಲ್ಲಿಗೆ ನಿಲ್ಲಿಸಿದ್ದರೆ ಕೃಷ್ಣನೂ ದಡದ ಮೇಲೆ ನಿಂತ ಈಜುಗಾರನೇ ಆಗುತ್ತಿದ್ದ. ಆದರೆ ಕತೆ ಮುಂದುವರಿಯುತ್ತದೆ. ಯುದ್ಧ ಮುಗಿದು ಹೆಣಗಳ ನಡುವೆ ನಿಂತ ಗಾಂಧಾರಿ, ಕೊಂದ ಭೀಮನನ್ನು ಬಿಟ್ಟು ಕೃಷ್ಣನಿಗೆ ಶಾಪ ಕೊಡುತ್ತಾಳೆ. ನೀನು ತಡೆಯಬಹುದಿತ್ತು, ತಡೆಯಲಿಲ್ಲ, ನಿನ್ನ ಕುಲವೂ ಹೀಗೇ ಹೊಡೆದಾಡಿ ಸಾಯಲಿ ಎನ್ನುತ್ತಾಳೆ. ‘ನಾನು ಹೇಳಿದೆನಷ್ಟೆ, ಮಾಡಿದವರು ಅವರು’ ಎಂದು ಕೃಷ್ಣ ಜಾರಿಕೊಳ್ಳುವುದಿಲ್ಲ. ಶಾಪವನ್ನು ಒಪ್ಪಿಕೊಳ್ಳುತ್ತಾನೆ. ಅದು ಫಲಿಸುತ್ತದೆ.

ಹಾಗಾಗಿ ಏರಿಕೆಯೋ ಇಳಿಕೆಯೋ ಎಂದು ನಾನು ಮೊದಲಲ್ಲಿ ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಕಿವಿಯ ಹತ್ತಿರದ ಕುರ್ಚಿ, ದೀಪದ ಹತ್ತಿರದ ಕುರ್ಚಿ ಎಂಬ ಭೇದವೂ ಅಷ್ಟು ಮುಖ್ಯವಲ್ಲ. ಹೇಳಿದ್ದಕ್ಕೆ ಬರುವ ಶಾಪವನ್ನು ತನ್ನದೆಂದು ತೆಗೆದುಕೊಳ್ಳುವವನು ಎಲ್ಲಿ ಕೂತರೂ ಹೊರುವವನೇ. ಗುಂಡಿ ಒತ್ತಿ, ಆಮೇಲೆ ಪಕ್ಷದ ಮೇಲೋ ಅಧಿಕಾರಿಗಳ ಮೇಲೋ ಜಾರಿಸುವವನು ಫಲಕದಲ್ಲಿ ಹೆಸರಿದ್ದರೂ ಬಾಲ್ಕನಿಯಲ್ಲೇ ನಿಂತಿರುತ್ತಾನೆ.

ವಾಷಿಂಗ್ಟನ್ನಿನ ಆ ಸಭಾಂಗಣದಲ್ಲೂ ಮತದ ಹೊತ್ತಿಗೆ ಗೋಡೆಯ ಎತ್ತರದಲ್ಲಿ ಹೆಸರುಗಳು ಮೂಡುತ್ತವೆ. ರಿಚ್ಮಂಡ್‌ನಲ್ಲಿ ನೂರಿದ್ದದ್ದು ಇಲ್ಲಿ 435. ಬಣ್ಣಗಳು ಅವೇ, ಹಸಿರು ಮತ್ತು ಕೆಂಪು. ಬೆಂಗಳೂರಿನ ಹೆಣ್ಣುಮಗಳೊಬ್ಬರ ಮಗನ ಹೆಸರಿನ ಮುಂದೆ ಯಾವ ದಿನ ಯಾವ ದೀಪ ಹೊತ್ತಿತು ಎಂಬ ಲೆಕ್ಕ ಅಲ್ಲಿ ಬೆಳೆಯುತ್ತಿದೆ. ಅದನ್ನು ಓದುವ ಕೆಲಸ ಲೌಡನ್ನಿನವರದು.

ನಮ್ಮ ಸಮುಚ್ಚಯದ ಸಭೆ ಮುಂದಿನ ಭಾನುವಾರ ಇದೆ. ಕೆಸರು ತುಂಬಿದ ಗುಂಡಿಯ ಪ್ರಸ್ತಾಪ ಬಂದೇ ಬರುತ್ತದೆ. ಮೊಬೈಲನ್ನು ಮನೆಯಲ್ಲಿ ಬಿಟ್ಟು ಹೋಗಬೇಕೆಂದುಕೊಂಡಿದ್ದೇನೆ.